ಎಂಟರೊಳಗಿನ ಸೋಲು: ನೆಬ್ರಾಸ್ಕಾದಲ್ಲಿ ಸ್ಕಾಟ್ ಫ್ರಾಸ್ಟ್

2021ರ ಸೀಸನ್‌ನಲ್ಲಿ ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ 12 ಪಂದ್ಯ ಆಡಿತು. ಹೊಡೆದದ್ದು 335 ಅಂಕ, ಬಿಟ್ಟುಕೊಟ್ಟದ್ದು 272. ಲೆಕ್ಕದಲ್ಲಿ 63 ಅಂಕ ಮುಂದೆ. ಆದರೆ ಗೆದ್ದದ್ದು ಮೂರು, ಸೋತದ್ದು ಒಂಬತ್ತು. ನೆಟ್ ರನ್ ರೇಟ್ ಪ್ಲಸ್‌ನಲ್ಲಿದ್ದೂ ಪಟ್ಟಿಯ ತಳದಲ್ಲಿ ಕೂತ ಕ್ರಿಕೆಟ್ ತಂಡವೊಂದನ್ನು ಊಹಿಸಿಕೊಂಡರೆ ಚಿತ್ರ ಸರಿಹೋಗುತ್ತದೆ. ಆ ಒಂಬತ್ತು ಸೋಲಿನಲ್ಲಿ ಒಂದೂ ಹತ್ತು ಅಂಕ ಮುಟ್ಟಲಿಲ್ಲ. ಎಲ್ಲಕ್ಕಿಂತ ದೊಡ್ಡದು ಒಂಬತ್ತು ಅಂಕದ್ದು, ಅದೂ ಒಹಾಯೊ ಸ್ಟೇಟ್‌ನಂಥ ಬಲಾಢ್ಯರ ಎದುರು.

ಅದು ಕೋಚ್ ಸ್ಕಾಟ್ ಫ್ರಾಸ್ಟ್ ಅವರ ನಾಲ್ಕನೇ ವರ್ಷ. ಒಂದೇ ಅಂಕಪಟ್ಟಿ ಹಿಡಿದು ಅಭಿಮಾನಿಗಳು ಎರಡು ಪಾಲಾದರು. "ಇನ್ನೊಂದು ಗೇಣು ಬಾಕಿ, ಮುಂದಿನ ವರ್ಷ ದಾಟುತ್ತಾರೆ" ಎಂದವರು 63ನ್ನು ಓದುತ್ತಿದ್ದರು. "ನಾಲ್ಕು ವರ್ಷ ಆಯಿತು, ಸಾಕು" ಎಂದವರು 3-9ನ್ನು ಓದುತ್ತಿದ್ದರು. ತಂಡ ಕಟ್ಟುವ ಕೆಲಸ ಎಲ್ಲಿಗೆ ಬಂದಿದೆ ಎಂದು ಹೊರಗಿನಿಂದ ಅಳೆಯುವವರು ಯಾವ ಅಳತೆಗೋಲು ಹಿಡಿಯುತ್ತಾರೆ, ಅದು ಎಲ್ಲಿ ಕೈಕೊಡುತ್ತದೆ ಎಂಬುದಕ್ಕೆ ಕಾಲೇಜು ಫುಟ್‌ಬಾಲಿನಲ್ಲಿ ಇಷ್ಟು ಶುದ್ಧವಾದ ಪ್ರಕರಣ ಇನ್ನೊಂದಿಲ್ಲ. (ಇಲ್ಲಿ ಫುಟ್‌ಬಾಲ್ ಎಂದರೆ ಅಮೆರಿಕನ್ ಫುಟ್‌ಬಾಲ್. ಒಂದು ಟಚ್‌ಡೌನ್‌ಗೆ ಆರು ಅಂಕ, ಅದರ ಬೆನ್ನಿಗೆ ಒಂದೋ ಎರಡೋ ಹೆಚ್ಚುವರಿ ಅಂಕ. ಒಂದೇ ಸಲಕ್ಕೆ ಗಿಟ್ಟುವ ಗರಿಷ್ಠ ಎಂಟು. ಹಾಗಾಗಿ ಎಂಟು ಅಂಕದೊಳಗೆ ಮುಗಿದ ಪಂದ್ಯವನ್ನು ಯಾರ ಕಡೆಗೆ ಬೇಕಾದರೂ ವಾಲಬಹುದಾಗಿದ್ದ ಪಂದ್ಯ ಎಂದು ಎಣಿಸುವ ರೂಢಿ. ಮುಂದೆ ಇದನ್ನು 'ಎಂಟರೊಳಗಿನ ಪಂದ್ಯ' ಎನ್ನೋಣ.)

ಎರಡು ವರ್ಷದ ಗಡಿಯಾರ

ನೆಬ್ರಾಸ್ಕಾ ರಾಜ್ಯಕ್ಕೆ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ತನ್ನದೇ ಆದ ತಂಡವಿಲ್ಲ. ಲಿಂಕನ್ ನಗರದ ಮೆಮೋರಿಯಲ್ ಸ್ಟೇಡಿಯಂನ ಟಿಕೆಟ್‌ಗಳು 1962ರ ನವೆಂಬರ್‌ನಿಂದ ಪ್ರತಿ ಪಂದ್ಯಕ್ಕೂ ಮಾರಾಟವಾಗಿವೆ ಎಂಬುದು ಅಲ್ಲಿನವರ ಹೆಮ್ಮೆ. ಬಾಬ್ ಡೆವನಿ ಕಾಲದಲ್ಲಿ 1970, 1971ರಲ್ಲಿ, ಟಾಮ್ ಆಸ್ಬರ್ನ್ ಕಾಲದಲ್ಲಿ 1994, 1995, 1997ರಲ್ಲಿ ರಾಷ್ಟ್ರೀಯ ಪ್ರಶಸ್ತಿ. 1997ರ ತಂಡ 13-0. ಅದರ ಕ್ವಾರ್ಟರ್‌ಬ್ಯಾಕ್, ಅಂದರೆ ದಾಳಿ ನಡೆಸುವ ಮುಖ್ಯ ಆಟಗಾರ, ಇದೇ ಫ್ರಾಸ್ಟ್, ನೆಬ್ರಾಸ್ಕಾದ ವುಡ್ ರಿವರ್ ಎಂಬ ಚಿಕ್ಕ ಊರಿನ ಹುಡುಗ. ಆಮೇಲೆ ಬೋ ಪೆಲೀನಿ ಏಳು ವರ್ಷ ಸತತವಾಗಿ ವರ್ಷಕ್ಕೆ ಕನಿಷ್ಠ ಒಂಬತ್ತು ಪಂದ್ಯ ಗೆದ್ದುಕೊಟ್ಟರೂ 2014ರಲ್ಲಿ ಮನೆಗೆ ಕಳಿಸಿದರು. ಮೈಕ್ ರೈಲಿ ಮೂರು ವರ್ಷದಲ್ಲಿ 19-19 ಮಾಡಿ ಹೋದರು, ಕೊನೆಯ ವರ್ಷ 4-8.

ಆಗ ಬಂದವರು ಫ್ರಾಸ್ಟ್. 2015ರಲ್ಲಿ 0-12 ಆಗಿದ್ದ ಸೆಂಟ್ರಲ್ ಫ್ಲಾರಿಡಾ ತಂಡವನ್ನು 2016ರಲ್ಲಿ 6-7ಕ್ಕೆ, 2017ರಲ್ಲಿ 13-0ಗೆ ಒಯ್ದವರು. 2017ರ ಡಿಸೆಂಬರ್‌ನಲ್ಲಿ ನೆಬ್ರಾಸ್ಕಾ ಅವರಿಗೆ ಏಳು ವರ್ಷಕ್ಕೆ 3.5 ಕೋಟಿ ಡಾಲರ್ ಒಪ್ಪಂದ ಕೊಟ್ಟಿತು. ಊರಿನ ಮಗ, ಗೆದ್ದ ಕ್ವಾರ್ಟರ್‌ಬ್ಯಾಕ್, ಎರಡೇ ವರ್ಷದಲ್ಲಿ ಸೊನ್ನೆಯಿಂದ ಹದಿಮೂರು. ಅಭಿಮಾನಿಗಳ ತಲೆಯಲ್ಲಿ ಗಡಿಯಾರ ಎರಡು ವರ್ಷಕ್ಕೆ ಸೆಟ್ ಆದದ್ದು ಇಲ್ಲಿ.

ಮೊದಲ ತಪ್ಪೂ ಇಲ್ಲೇ. ಸೆಂಟ್ರಲ್ ಫ್ಲಾರಿಡಾ 2013ರಲ್ಲಿ 12-1 ಆಗಿದ್ದ, ಫಿಯೆಸ್ಟಾ ಬೌಲ್ ಗೆದ್ದಿದ್ದ ತಂಡ (ಬೌಲ್ ಎಂದರೆ ಚೆನ್ನಾಗಿ ಆಡಿದ ತಂಡಗಳಿಗೆ ಸೀಸನ್ ಕೊನೆಯಲ್ಲಿ ಸಿಗುವ ವಿಶೇಷ ಪಂದ್ಯ). 2014ರಲ್ಲಿ 9-4. ಒಂದು ವರ್ಷ ಕುಸಿದು 0-12 ಆಯಿತೇ ಹೊರತು ಬುಡವೇ ಕಿತ್ತುಹೋಗಿರಲಿಲ್ಲ. ಅಲ್ಲಿ ಆದದ್ದು ದುರಸ್ತಿ. ಮನೆ ಸೋರುವುದನ್ನು ನಿಲ್ಲಿಸುವುದು ಬೇರೆ, ಪಾಯದಿಂದ ಕಟ್ಟುವುದು ಬೇರೆ. ಎರಡಕ್ಕೂ ಒಂದೇ ಗಡುವು ಇಡಲಾಗದು. ಕೋಚ್ ಒಬ್ಬರ ಹಳೆಯ ದಾಖಲೆ ನೋಡುವಾಗ "ಮೊದಲ ವರ್ಷ ಎಷ್ಟು, ಎರಡನೇ ವರ್ಷ ಎಷ್ಟು" ಎಂಬುದಕ್ಕಿಂತ ಮೊದಲು ಕೇಳಬೇಕಾದ್ದು, ಅವರು ಬರುವ ಹಿಂದಿನ ಮೂರು ವರ್ಷ ಆ ತಂಡ ಏನಾಗಿತ್ತು ಎಂಬುದನ್ನು.

ನೆಬ್ರಾಸ್ಕಾದ ಗಣಿತ ನಿಧಾನದ್ದು. ಆಗಿನ ನಿಯಮದಲ್ಲಿ ತಂಡಕ್ಕೆ 85 ವಿದ್ಯಾರ್ಥಿವೇತನ, ವರ್ಷಕ್ಕೆ ಹೊಸದಾಗಿ ಸೇರಿಸಿಕೊಳ್ಳಬಹುದಾದವರು 25. ಹುಡುಗನಿಗೆ ಐದು ವರ್ಷದಲ್ಲಿ ನಾಲ್ಕು ಸೀಸನ್ ಆಡುವ ಅವಕಾಶ. ನಡುವೆ ಬಿಟ್ಟು ಹೋಗುವವರನ್ನು ಕಳೆದರೆ, ಹಳೆಯ ಕೋಚ್ ತಂದವರೆಲ್ಲ ಹೊರಹೋಗಿ ಹೊಸಬರ ಆಟಗಾರರೇ ತುಂಬಿಕೊಳ್ಳಲು ನಾಲ್ಕು ವರ್ಷ ಬೇಕು. ದಾಳಿ ಸಾಲಿನ ದೈತ್ಯರಂತೂ ಹದಿನೆಂಟಕ್ಕೆ ಬಂದು ಇಪ್ಪತ್ತೊಂದಕ್ಕೆ ಹದಕ್ಕೆ ಬರುವವರು. ಅಂದರೆ ಫ್ರಾಸ್ಟ್ ತಂಡವನ್ನು ಪೂರ್ತಿ ಅವರದೇ ಎಂದು ತೂಗಬಹುದಾಗಿದ್ದ ಮೊದಲ ವರ್ಷ 2021.

ಮೊದಲ ಮೂರು ವರ್ಷ, ಬೇಗನೆ

2018: ಮೊದಲ ಪಂದ್ಯವೇ ಸಿಡಿಲು ಮಳೆಗೆ ರದ್ದು. ಆಮೇಲೆ ಸತತ ಆರು ಸೋಲು, ಆ ವಿಶ್ವವಿದ್ಯಾಲಯದ ಚರಿತ್ರೆಯಲ್ಲೇ ಅತಿ ಕೆಟ್ಟ ಆರಂಭ. ಕೊನೆಯ ಆರರಲ್ಲಿ ನಾಲ್ಕು ಗೆಲುವು. 4-8ರಲ್ಲಿ ಮುಗಿಸಿದರೂ ಅಭಿಮಾನಿಗಳು ಎತ್ತಿ ಹಿಡಿದದ್ದು ಈ ದ್ವಿತೀಯಾರ್ಧವನ್ನು. ಸೀಸನ್ ಎರಡು ಭಾಗ ಮಾಡಿ ಹೋಲಿಸುವುದು ಕೆಟ್ಟ ಅಳತೆಯೇನಲ್ಲ, ಆದರೆ ಎದುರಾಳಿ ಯಾರೆಂದು ನೋಡದೆ ಮಾಡಿದರೆ ಮೋಸ. ನಾಲ್ಕು ಗೆಲುವಿನಲ್ಲಿ ಒಂದು ಬೆತೂನ್-ಕುಕ್‌ಮನ್ ಎಂಬ ಕೆಳ ವಿಭಾಗದ ತಂಡದ ಮೇಲೆ, ರದ್ದಾದ ಪಂದ್ಯದ ಬದಲಿಗೆ ಸೇರಿಸಿಕೊಂಡದ್ದು. ಇನ್ನೊಂದು ಹಿಮ ಸುರಿಯುವಾಗ ಮಿಷಿಗನ್ ಸ್ಟೇಟ್ ಎದುರು 9-6. ಟಚ್‌ಡೌನೇ ಇಲ್ಲದ ಆಟ. ನಿಜವಾದ ಸಾಕ್ಷಿ ಎನ್ನಬಹುದಾದವು ಎರಡು: ಮಿನೆಸೋಟಾವನ್ನು 53-28ರಿಂದ ಬಡಿದದ್ದು, ಒಹಾಯೊ ಸ್ಟೇಟ್‌ಗೆ ಅವರ ನೆಲದಲ್ಲೇ 36-31ರಷ್ಟು ಹತ್ತಿರ ಹೋದದ್ದು.

ಇಷ್ಟರ ಬಲದ ಮೇಲೆ 2019ರ ಸೀಸನ್ ಪೂರ್ವ ಎಪಿ ಪಟ್ಟಿಯಲ್ಲಿ, ಅಂದರೆ ಪತ್ರಕರ್ತರ ಮತದಿಂದ ತಯಾರಾಗುವ ರ‍್ಯಾಂಕಿಂಗ್‌ನಲ್ಲಿ, ತಂಡಕ್ಕೆ 24ನೇ ಸ್ಥಾನ. ಕೊಲೊರಾಡೊ ಎದುರು ಅರ್ಧ ಆಟಕ್ಕೆ 17-0 ಮುಂದಿದ್ದು ಹೆಚ್ಚುವರಿ ಅವಧಿಯಲ್ಲಿ 34-31ಕ್ಕೆ ಸೋಲು. ಇಂಡಿಯಾನಾಗೆ ಏಳು ಅಂಕದಿಂದ, ಪರ್ಡ್ಯೂಗೆ ನಾಲ್ಕರಿಂದ, ಅಯೋವಾಗೆ ಮೂರರಿಂದ. ಕೊನೆಗೆ 5-7. ವಿಚಿತ್ರವೆಂದರೆ, 4-5 ಆಗಿದ್ದಾಗಲೇ, ನವೆಂಬರ್ 16ರಂದು, ಒಪ್ಪಂದವನ್ನು 2026ರವರೆಗೆ ಎಳೆದರು. ಈ ಸಹಿ ಮೂರು ವರ್ಷದ ನಂತರ ದುಬಾರಿಯಾಗುತ್ತದೆ.

2020 ಕೋವಿಡ್ ವರ್ಷ, ಎಂಟೇ ಪಂದ್ಯ, 3-5. ಆ ವರ್ಷವನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದು ಎಂದು ಹಲವರು ಬದಿಗಿಟ್ಟರು. ಬದಿಗಿಡಬಾರದಿದ್ದ ಪಂದ್ಯ ಒಂದಿತ್ತು: ಇಲಿನಾಯ್ ತಂಡ ಲಿಂಕನ್‌ಗೇ ಬಂದು 41-23ರಿಂದ ಗೆದ್ದುಹೋಯಿತು. ಇಡೀ ಸೀಸನ್‌ನಲ್ಲಿ ಇಲಿನಾಯ್ ಗೆದ್ದದ್ದೇ ಎರಡು. ಅದೇ ಚಳಿಗಾಲದಲ್ಲಿ ತಂಡದ ಅತ್ಯಂತ ಚುರುಕಿನ ರಿಸೀವರ್ (ಎಸೆದ ಚೆಂಡು ಹಿಡಿಯುವವರು) ವಾನ್‌ಡೇಲ್ ರಾಬಿನ್ಸನ್ ಕೆಂಟಕಿಗೆ ಹೋದರು. ಮರುವರ್ಷ ಅಲ್ಲಿ 104 ಚೆಂಡು ಹಿಡಿದರು. ಹೊಸ ಹುಡುಗರನ್ನು ಸೆಳೆಯುವ ಪಟ್ಟಿಯಲ್ಲಿ ತಂಡ ಎಷ್ಟನೆಯದು ಎಂದು ಫೆಬ್ರವರಿಯಲ್ಲಿ ಕುಣಿಯುವ ಅಭಿಮಾನಿಗಳು, ಬಿಟ್ಟುಹೋದವನು ಬೇರೆಡೆ ಏನು ಮಾಡಿದ ಎಂದು ನವೆಂಬರ್‌ನಲ್ಲಿ ನೋಡುವುದು ಕಡಿಮೆ. ಎರಡನೆಯದೇ ಹೆಚ್ಚು ಹೇಳುತ್ತದೆ. ಬಿಟ್ಟವರು ಬೇರೆಡೆ ಬೆಂಚಿನ ಮೇಲೆ ಕೂತಿದ್ದರೆ ಸೋಸುವಿಕೆ ನಡೆದಿದೆ ಎಂದರ್ಥ. ಅಲ್ಲಿ ಮಿಂಚುತ್ತಿದ್ದರೆ ಸಮಸ್ಯೆ ಹುಡುಗರಲ್ಲಿರಲಿಲ್ಲ.

ಮೆಟ್ಟಿಲಿನ ಮಾತು

ಕಾಲೇಜು ಫುಟ್‌ಬಾಲ್ ವಲಯದಲ್ಲಿ ಹಳೆಯದೊಂದು ಮಾತಿದೆ: ತಂಡ ಕಟ್ಟುವಾಗ ಮೊದಲು ದೊಡ್ಡದಾಗಿ ಸೋಲುತ್ತೀರಿ, ಆಮೇಲೆ ಸ್ವಲ್ಪದರಲ್ಲಿ ಸೋಲುತ್ತೀರಿ, ಆಮೇಲೆ ಸ್ವಲ್ಪದರಲ್ಲಿ ಗೆಲ್ಲುತ್ತೀರಿ, ಕೊನೆಗೆ ದೊಡ್ಡದಾಗಿ ಗೆಲ್ಲುತ್ತೀರಿ. ನಾಲ್ಕು ಮೆಟ್ಟಿಲು. 2021ರಲ್ಲಿ ನೆಬ್ರಾಸ್ಕಾ ಎರಡನೇ ಮೆಟ್ಟಿಲಿನ ತುದಿಯಲ್ಲಿದೆ ಎಂದು ನಂಬುವುದು ಸುಲಭವಾಗಿತ್ತು.

ಆ ಒಂಬತ್ತು ಸೋಲು ಇವು: ಇಲಿನಾಯ್ 30-22, ಒಕ್ಲಹೋಮ 23-16, ಮಿಷಿಗನ್ ಸ್ಟೇಟ್ 23-20, ಮಿಷಿಗನ್ 32-29, ಮಿನೆಸೋಟಾ 30-23, ಪರ್ಡ್ಯೂ 28-23, ಒಹಾಯೊ ಸ್ಟೇಟ್ 26-17, ವಿಸ್ಕಾನ್ಸಿನ್ 35-28, ಅಯೋವಾ 28-21. ಎಲ್ಲ ಸೇರಿಸಿದರೆ ಅಂತರ 56 ಅಂಕ.

ಈಗ ಲೆಕ್ಕ. ಹೊಡೆದ ಅಂಕ, ಕೊಟ್ಟ ಅಂಕ ಎರಡರಿಂದ 'ಬರಬೇಕಿದ್ದ ಗೆಲುವು' ತೆಗೆಯುವ ಸೂತ್ರ ಅಂಕಿ ಪ್ರಿಯರ ಬಾಯಲ್ಲೇ ಇರುತ್ತದೆ. ಹೊಡೆದದ್ದರ 2.37ನೇ ಘಾತವನ್ನು, ಹೊಡೆದದ್ದು ಮತ್ತು ಕೊಟ್ಟದ್ದು ಎರಡರ ಅದೇ ಘಾತದ ಮೊತ್ತದಿಂದ ಭಾಗಿಸುವುದು. 335 ಮತ್ತು 272ಕ್ಕೆ ಉತ್ತರ 0.62. ಹನ್ನೆರಡು ಪಂದ್ಯಕ್ಕೆ ಸುಮಾರು ಏಳೂವರೆ ಗೆಲುವು. ಬಂದದ್ದು ಮೂರು. ನಾಲ್ಕೂವರೆ ಗೆಲುವು ಅದೃಷ್ಟ ಕಸಿದುಕೊಂಡಿತು, ಮುಂದಿನ ವರ್ಷ ವಾಪಸ್ ಕೊಡುತ್ತದೆ. ಆಶಾವಾದಿಗಳ ವಾದದ ತಿರುಳು ಇಷ್ಟೇ.

ಇದೇ ಲೆಕ್ಕವನ್ನು ಒಂದು ಹೆಜ್ಜೆ ಮುಂದೆ ಒಯ್ದರೆ ಗಾಳಿ ಇಳಿಯುತ್ತದೆ. ಮೂರು ಗೆಲುವಿನ ಅಂತರ ನೋಡಿ: ಕೆಳ ವಿಭಾಗದ ಫೋರ್ಡಂ ಎದುರು 45, ಬಫಲೋ ಎದುರು 25, ನಾರ್ತ್‌ವೆಸ್ಟರ್ನ್ ಎದುರು 49. ಒಟ್ಟು 119. ಪಂದ್ಯ ಕೈಗೆ ಬಂದ ಮೇಲೆ ಸುರಿದ ಅಂಕಗಳು ಮುಂದಿನ ವಾರಕ್ಕೆ ಏನನ್ನೂ ಹೇಳುವುದಿಲ್ಲ. ಪ್ರತಿ ಪಂದ್ಯದ ಅಂತರವನ್ನು 21ಕ್ಕೆ ಕತ್ತರಿಸಿ, ಮತ್ತೆ ಕೂಡಿಸಿ: ಗೆಲುವಿನ ಕಡೆ 63, ಸೋಲಿನ ಕಡೆ 56. ಉಳಿದದ್ದು ಏಳು. ಅಂದರೆ ಸರಾಸರಿಯ ತಂಡ, ಆರು ಗೆಲುವಿನ ತಂಡ. ಆರಕ್ಕೂ ಮೂರಕ್ಕೂ ಅಂತರವಿದೆ, ಒಪ್ಪೋಣ. ಆದರೆ ಏಳೂವರೆಯ ಕನಸು ಫೋರ್ಡಂ ಮತ್ತು ನಾರ್ತ್‌ವೆಸ್ಟರ್ನ್ ಕೊಟ್ಟದ್ದು. 21ರ ಬದಲು 24 ಎಂದೋ 17 ಎಂದೋ ಕತ್ತರಿಸಬಹುದು. ಕತ್ತರಿಸದೆ ಕೂಡಿಸುವುದು ಮಾತ್ರ ತಪ್ಪು.

22 ಸೋಲು ಬರೀ ಅದೃಷ್ಟವೇ?

ಒಂದು ವರ್ಷ ಬಿಟ್ಟು ಇಡೀ ಅವಧಿ ನೋಡೋಣ. ಫ್ರಾಸ್ಟ್ ಒಟ್ಟು 47 ಪಂದ್ಯ ನಡೆಸಿದರು, 16 ಗೆಲುವು, 31 ಸೋಲು. ಅದರಲ್ಲಿ ಎಂಟರೊಳಗೆ ಮುಗಿದವು 27. ಗೆದ್ದದ್ದು ಐದು, ಸೋತದ್ದು 22.

ಎಂಟರೊಳಗಿನ ಪಂದ್ಯ ನಾಣ್ಯ ಚಿಮ್ಮಿದಂತೆ ಎನ್ನುವವರಿದ್ದಾರೆ. ಹಾಗಾದರೆ 27 ಸಲ ಚಿಮ್ಮಿ ಐದೋ ಅದಕ್ಕಿಂತ ಕಡಿಮೆಯೋ ಬೀಳುವ ಸಾಧ್ಯತೆ ಸುಮಾರು 1,300ರಲ್ಲಿ ಒಂದು. "ನೋಡಿ, ಇದು ಅದೃಷ್ಟವಲ್ಲ, ಕೋಚಿನ ದೋಷ" ಎಂದು ಟೀಕಾಕಾರರು ಇಲ್ಲಿಗೇ ನಿಲ್ಲಿಸುತ್ತಾರೆ. ಅವರೂ ಆತುರ ಮಾಡುತ್ತಾರೆ. ಎದುರಾಳಿ ತುಸು ಬಲಿಷ್ಠನಾಗಿದ್ದರೆ ಹತ್ತಿರದ ಪಂದ್ಯವೂ ಸರಿಸಮ ನಾಣ್ಯವಲ್ಲ. ಪ್ರತಿ ಪಂದ್ಯಕ್ಕೆ ಶೇ 40 ಅವಕಾಶ ಎಂದು ಹಿಡಿದರೆ ಅದೇ ಸಾಧ್ಯತೆ ಸುಮಾರು 65ರಲ್ಲಿ ಒಂದಕ್ಕೆ ಇಳಿಯುತ್ತದೆ. ಮೇಲಿನ ವಿಭಾಗದಲ್ಲಿ ಆಗ ಆಡುತ್ತಿದ್ದ ತಂಡಗಳೇ ಸುಮಾರು 130. ಯಾವುದೋ ಒಂದೆರಡು ತಂಡಕ್ಕೆ ಇಂಥ ಗ್ರಹಚಾರ ಬಂದೇ ಬರುತ್ತದೆ; ಬಂದವರನ್ನು ಆಮೇಲೆ ಹುಡುಕಿ ತೆಗೆದು ಬೆರಳು ಮಾಡಿದರೆ ಅದು ಪುರಾವೆಯಾಗದು.

ಹಾಗಾಗಿ ಸಂಖ್ಯೆ ಮಾತ್ರದಿಂದ ಈ ಜಗಳ ಬಗೆಹರಿಯದು. ಸೋಲುಗಳನ್ನು ಅಂತರದ ಬದಲು ಕಾರಣದ ಪ್ರಕಾರ ವಿಂಗಡಿಸಬೇಕು. ಅಭಿಮಾನಿಯೊಬ್ಬ ಕಾಗದ ಪೆನ್ನು ಹಿಡಿದು ಮಾಡಬಹುದಾದ ಕೆಲಸವೇ ಇದು: ಪ್ರತಿ ಸೋಲಿಗೂ ಒಂದು ಸಾಲು, ಅಂಕ ಕೈಜಾರಿದ್ದು ಯಾವ ಘಟ್ಟದಲ್ಲಿ ಎಂದು ಒಂದೇ ಪದದಲ್ಲಿ. ದಾಳಿ, ರಕ್ಷಣೆ, ಚೆಂಡು ಕಳೆದುಕೊಂಡದ್ದು, ದಂಡ, ಒದೆತದ ಆಟ. ಒಂದು ವರ್ಷದ ಪಟ್ಟಿ ಸಾಲದು, ಕನಿಷ್ಠ ಎರಡು ವರ್ಷದ್ದು ಪಕ್ಕಪಕ್ಕ ಬೇಕು.

ನೆಬ್ರಾಸ್ಕಾದ 2021ರ ಪಟ್ಟಿ ಹೀಗೆ ಬರುತ್ತದೆ. ಇಲಿನಾಯ್ ಎದುರು ಪಂಟ್, ಅಂದರೆ ಎದುರಾಳಿ ದೂರಕ್ಕೆ ಒದ್ದ ಚೆಂಡನ್ನು, ತನ್ನದೇ ಗೆರೆಯ ಅಂಚಿನಲ್ಲಿ ಹಿಡಿದು ಗಲಿಬಿಲಿಯಾಗಿ ಎರಡು ಅಂಕದ ಸೇಫ್ಟಿ ದಾನ. ಜೊತೆಗೆ ಟಚ್‌ಡೌನ್ ನಂತರದ ಸುಲಭದ ಒದೆತ ಎರಡು ಸಲ ತಪ್ಪಿತು. ಒಕ್ಲಹೋಮ ಎದುರು ಅದೇ ಹೆಚ್ಚುವರಿ ಒದೆತವನ್ನು ಎದುರಾಳಿ ತಡೆದು, ಮೈದಾನದ ಆ ತುದಿವರೆಗೆ ಓಡಿ ಎರಡು ಅಂಕ ಹೊಡೆದರು: ಒಂದು ಬರಬೇಕಿತ್ತು, ಎರಡು ಹೋಯಿತು. ಮಿಷಿಗನ್ ಸ್ಟೇಟ್ ಎದುರು ಕೊನೆಯ ಕ್ವಾರ್ಟರ್‌ನಲ್ಲಿ 20-13 ಮುಂದಿದ್ದಾಗ ಪಂಟ್ ಒಂದು ಕಡೆ ಬಿತ್ತು, ತಡೆಯಬೇಕಾದವರು ಇನ್ನೊಂದು ಕಡೆ ಓಡಿದರು. 62 ಗಜದ ಓಟ, ಟಚ್‌ಡೌನ್, ಸಮ. ವಿಸ್ಕಾನ್ಸಿನ್ ಎದುರು ಆಟದ ಮೊಟ್ಟಮೊದಲ ಒದೆತವೇ 91 ಗಜ ಓಡಿ ಟಚ್‌ಡೌನ್. ಅಯೋವಾ ಎದುರು ಮೂರನೇ ಕ್ವಾರ್ಟರ್‌ನಲ್ಲಿ 21-6 ಮುಂದಿದ್ದ ಆಟ. ಕೊನೆಯ ಕ್ವಾರ್ಟರ್‌ನಲ್ಲಿ ಪಂಟ್ ತಡೆಸಿಕೊಂಡು ಟಚ್‌ಡೌನ್ ಕೊಟ್ಟು, ಸತತ 22 ಅಂಕ ಬಿಟ್ಟು ಸೋತದ್ದು.

ಒಂಬತ್ತರಲ್ಲಿ ಐದು, ಒದೆತದ ಆಟದಲ್ಲಿ. ಮಿಷಿಗನ್ ಮತ್ತು ಪರ್ಡ್ಯೂ ಎದುರಿನವು ಚೆಂಡು ಕಳೆದುಕೊಂಡದ್ದಕ್ಕೆ. ಮಿಷಿಗನ್ ಪಂದ್ಯದಲ್ಲಂತೂ 29-29 ಇದ್ದಾಗ, ಎರಡು ನಿಮಿಷವೂ ಉಳಿದಿಲ್ಲದಾಗ, ಚೆಂಡು ಕೈಜಾರಿತು.

ಈಗ ಈ ಪಟ್ಟಿಯ ಪಕ್ಕದಲ್ಲಿ 2018ರದ್ದನ್ನು ಇಡಿ. ಟ್ರಾಯ್ ಎಂಬ ಸಣ್ಣ ತಂಡ ಲಿಂಕನ್‌ನಲ್ಲಿ 24-19ಕ್ಕೆ ಗೆದ್ದ ದಿನ 58 ಗಜದ ಪಂಟ್ ಓಟಕ್ಕೆ ಟಚ್‌ಡೌನ್. ಮರುವಾರ ಮಿಷಿಗನ್‌ಗೆ 56-10ರಲ್ಲಿ ಸೋತಾಗ ಮತ್ತೊಂದು ಪಂಟ್ ಓಟ, 60 ಗಜ. 2019ರ ಅಯೋವಾ ಪಂದ್ಯ ಮೂರು ಅಂಕದಿಂದ ಹೋಯಿತು. ಅದರಲ್ಲಿ 95 ಗಜದ ಒದೆತದ ಓಟ. ಮೊದಲ ತಿಂಗಳು ಬಿದ್ದ ತೂತಿನಲ್ಲೇ ನಾಲ್ಕನೇ ವರ್ಷವೂ ನೀರು ಸೋರುತ್ತಿತ್ತು. ಸೋಲಿನ ಅಂತರ ಕಡಿಮೆಯಾಗಿತ್ತು, ಸೋಲಿನ ಕಾರಣ ಕದಲಿರಲಿಲ್ಲ. ತಂಡ ಕಟ್ಟುವಿಕೆ ನಡೆಯುತ್ತಿದ್ದರೆ ಕಾರಣ ಬದಲಾಗಲೇಬೇಕು: ಮೊದಲ ವರ್ಷ ಸಾಲು ದುರ್ಬಲ ಎಂದು ಸೋತವರು ಮೂರನೇ ವರ್ಷ ಬೇರೆ ಯಾವುದಕ್ಕೋ ಸೋಲುತ್ತಾರೆ. ಮೆಟ್ಟಿಲಿನ ಮಾತು ಹೇಳದೆ ಬಿಟ್ಟದ್ದು ಇದನ್ನೇ.

ಒದೆತದ ಆಟ ಯಾಕೆ ರಿಪೇರಿಯಾಗಲಿಲ್ಲ ಎಂಬುದಕ್ಕೆ ಹೊರಗಿನಿಂದ ಕಾಣುವ ಒಂದು ಕಾರಣವಿದೆ. ಆಗಿನ ನಿಯಮದಲ್ಲಿ ಮೈದಾನಕ್ಕಿಳಿದು ಕಲಿಸಬಹುದಾದ ಸಹಾಯಕ ಕೋಚ್‌ಗಳು ಹತ್ತೇ ಜನ. ಒದೆತದ ಆಟಕ್ಕೆ ಅವರಲ್ಲಿ ಒಬ್ಬರನ್ನು ಪೂರ್ತಿ ಮೀಸಲಿಡುವುದು ಒಂದು ಪದ್ಧತಿ. ವಿಶ್ಲೇಷಕರ ಕೈಗೆ ಕೊಡುವುದು, ಇಲ್ಲವೇ ಬೇರೆ ವಿಭಾಗದ ಕೋಚ್‌ಗೆ ಹೆಚ್ಚುವರಿ ಹೊರೆಯಾಗಿ ಹೇರುವುದು ಇನ್ನೊಂದು. ನೆಬ್ರಾಸ್ಕಾ 2020ರಲ್ಲಿ ವಿಶ್ಲೇಷಕರ ದಾರಿ ಹಿಡಿಯಿತು. ವಿಶ್ಲೇಷಕರು ಮೈದಾನದಲ್ಲಿ ಆಟಗಾರನ ಭುಜ ಹಿಡಿದು ತಿದ್ದುವಂತಿಲ್ಲ. 2021ರಲ್ಲಿ ರಕ್ಷಣೆಯ ಕೋಚ್ ಒಬ್ಬರ ಹೆಗಲಿಗೆ ಸೇರಿಸಿತು. ಸಿಬ್ಬಂದಿ ಪಟ್ಟಿ ಯಾರು ಬೇಕಾದರೂ ನೋಡುವಂಥದ್ದು. ಹತ್ತು ಸ್ಥಾನ ಹೇಗೆ ಹಂಚಿದ್ದಾರೆ ಎಂದು ನೋಡಿದರೆ ಕೋಚ್ ಯಾವುದನ್ನು ಸಮಸ್ಯೆ ಎಂದು ಒಪ್ಪಿದ್ದಾರೆ ಎಂಬುದು ಪತ್ರಿಕಾಗೋಷ್ಠಿಗಿಂತ ಚೆನ್ನಾಗಿ ಗೊತ್ತಾಗುತ್ತದೆ.

ನವೆಂಬರ್ 8ರ ತೀರ್ಮಾನ

2021ರ ನವೆಂಬರ್ 8ರಂದು, 3-7 ಆಗಿದ್ದಾಗ, ಅಥ್ಲೆಟಿಕ್ ಡೈರೆಕ್ಟರ್ ಟ್ರೆವ್ ಆಲ್ಬರ್ಟ್ಸ್ ಫ್ರಾಸ್ಟ್ ಅವರನ್ನು ಉಳಿಸಿಕೊಳ್ಳುವುದಾಗಿ ಘೋಷಿಸಿದರು. ಸಂಬಳ 50 ಲಕ್ಷ ಡಾಲರ್‌ನಿಂದ 40 ಲಕ್ಷಕ್ಕೆ ಇಳಿಯಿತು. ಕೆಲಸದಿಂದ ತೆಗೆದರೆ ಕೊಡಬೇಕಾದ ಬೈಔಟ್ 1.5 ಕೋಟಿ ಡಾಲರ್. 2022ರ ಅಕ್ಟೋಬರ್ 1 ದಾಟಿದರೆ ಅದು 75 ಲಕ್ಷ. ಅದೇ ದಿನ ದಾಳಿ ವಿಭಾಗದ ನಾಲ್ವರು ಸಹಾಯಕರನ್ನು ಮನೆಗೆ ಕಳಿಸಿದರು. ಒದೆತದ ಆಟಕ್ಕೆ ಪ್ರತ್ಯೇಕ ಕೋಚ್ ಆಗಿ ಬಿಲ್ ಬುಶ್ ಬಂದದ್ದು ಆ ಸೀಸನ್ ಮುಗಿದ ಮೇಲೆ.

ಇಲ್ಲಿ ಅಭಿಮಾನಿಗಳ ಅಳತೆಗೂ ಆಡಳಿತದ ಅಳತೆಗೂ ದೂರ ಕಾಣುತ್ತದೆ. ಅಭಿಮಾನಿ ಕೇಳುವುದು "ಇವರಿಂದ ಆಗುತ್ತದೆಯೇ" ಎಂದು. ಆಡಳಿತ ಅದರ ಜೊತೆ "ಈಗ ತೆಗೆದರೆ ಎಷ್ಟು, ಹನ್ನೊಂದು ತಿಂಗಳು ಕಾದು ತೆಗೆದರೆ ಎಷ್ಟು" ಎಂದೂ ಕೂಡಿ ಕಳೆಯುತ್ತದೆ. 2019ರ ನವೆಂಬರ್‌ನ ಆ ಎರಡು ವರ್ಷದ ವಿಸ್ತರಣೆ ಇಲ್ಲದಿದ್ದರೆ 2021ರ ಈ ಲೆಕ್ಕವೇ ಬೇರೆಯಿರುತ್ತಿತ್ತು. ಕೋಚ್ ಉಳಿದರು ಎಂಬುದನ್ನು ಪ್ರಗತಿಗೆ ಸಿಕ್ಕ ಪ್ರಮಾಣಪತ್ರ ಎಂದು ಓದುವುದು ತಪ್ಪು. ಒಪ್ಪಂದದ ತಾರೀಖುಗಳನ್ನು ಪಕ್ಕದಲ್ಲಿಟ್ಟುಕೊಂಡು ಓದಬೇಕು.

ಬಾಕಿ ತೀರಲಿಲ್ಲ

2022ರ ಆಗಸ್ಟ್ 27, ಡಬ್ಲಿನ್‌ನ ಅವೀವಾ ಸ್ಟೇಡಿಯಂ. ಎದುರಾಳಿ, ಹಿಂದಿನ ವರ್ಷ 56-7ರಿಂದ ಬಡಿದಿದ್ದ ಅದೇ ನಾರ್ತ್‌ವೆಸ್ಟರ್ನ್. ಮೂರನೇ ಕ್ವಾರ್ಟರ್‌ನಲ್ಲಿ 28-17 ಮುಂದೆ. ಆಗ ಫ್ರಾಸ್ಟ್ ಆನ್‌ಸೈಡ್ ಕಿಕ್ ಹೊಡೆಸಿದರು, ಅಂದರೆ ಚೆಂಡನ್ನು ಹತ್ತಿರಕ್ಕೇ ಒದ್ದು ತಾವೇ ಮತ್ತೆ ಕಸಿಯುವ ಜೂಜು. ಸಾಮಾನ್ಯವಾಗಿ ಹಿಂದಿರುವವರು ಕೊನೆಗಳಿಗೆಯಲ್ಲಿ ಆಡುವಂಥದ್ದು. ಚೆಂಡು ನಾರ್ತ್‌ವೆಸ್ಟರ್ನ್ ಪಾಲಾಯಿತು, ಅದರಿಂದಲೇ ಟಚ್‌ಡೌನ್ ಬಂತು, ಕೊನೆಗೆ 31-28. ಆ ವರ್ಷ ನಾರ್ತ್‌ವೆಸ್ಟರ್ನ್ 1-11. ಆ ಒಂದು ಇದೇ.

ಅದೃಷ್ಟ ವಾಪಸ್ ಕೊಡುತ್ತದೆ ಎಂದು ಕಾದಿದ್ದ ನಾಲ್ಕೂವರೆ ಗೆಲುವು ಅಲ್ಲೇ ಕರಗತೊಡಗಿತು. ಸೆಪ್ಟೆಂಬರ್ 10ರಂದು ಲಿಂಕನ್‌ನಲ್ಲಿ ಜಾರ್ಜಿಯಾ ಸದರ್ನ್ 642 ಗಜ ಆಡಿ 45-42ರಿಂದ ಗೆದ್ದಿತು. ಅದಕ್ಕೆ ಮುಂಚೆ ಸ್ವಂತ ನೆಲದಲ್ಲಿ 35 ಅಥವಾ ಹೆಚ್ಚು ಅಂಕ ಹೊಡೆದ ದಿನ ನೆಬ್ರಾಸ್ಕಾ ಸೋತದ್ದೇ ಇಲ್ಲ, 214-0. ಮರುದಿನ ಫ್ರಾಸ್ಟ್ ಅವರನ್ನು ತೆಗೆದರು. ಮೂರು ವಾರ ತಡೆದಿದ್ದರೆ 75 ಲಕ್ಷ ಡಾಲರ್ ಉಳಿಯುತ್ತಿತ್ತು. ತಡೆಯಲಿಲ್ಲ, ಪೂರ್ತಿ 1.5 ಕೋಟಿ ಕೊಟ್ಟರು. ಸ್ಟೇಡಿಯಂನ ಗಾಳಿ ಹೇಗಿತ್ತು ಎಂದು ಬೇರೆ ಹೇಳಬೇಕಿಲ್ಲ.

ಹೊಸ ಕೋಚ್ ಬಂದರೂ

ಟೀಕಾಕಾರರ ಪ್ರಕಾರ ಕಥೆ ಇಲ್ಲಿಗೆ ಮುಗಿಯಬೇಕಿತ್ತು: ದೋಷ ಕೋಚಿನದು, ಕೋಚ್ ಹೋದರು, ಎಂಟರೊಳಗಿನ ಸೋಲೂ ಹೋಗಬೇಕು. ಹೋಗಲಿಲ್ಲ. ಉಳಿದ ಸೀಸನ್ ನಡೆಸಿದ ಮಿಕಿ ಜೋಸೆಫ್ ಅದೇ ಹುಡುಗರೊಂದಿಗೆ ಹತ್ತಿರದ ಪಂದ್ಯಗಳಲ್ಲಿ 2-3; ಅಯೋವಾವನ್ನು 24-17ಕ್ಕೆ ಮಣಿಸಿದ್ದೂ ಅದರಲ್ಲಿ ಸೇರಿದೆ. 2023ರಲ್ಲಿ ಬಂದ ಮ್ಯಾಟ್ ರೂಲ್ 5-7 ಮಾಡಿದರು, ಎಂಟರೊಳಗಿನ ಲೆಕ್ಕ 1-5. 2024ರಲ್ಲಿ ಅದು 2-5. ಎರಡು ವರ್ಷ ಸೇರಿ 3-10: ಫ್ರಾಸ್ಟ್ ಲೆಕ್ಕಕ್ಕಿಂತ ಅಂಥ ಮೇಲೇನಲ್ಲ.

ಆದರೆ ಕಾರಣದ ಪಟ್ಟಿ ಬೇರೆ ಬರತೊಡಗಿತು. 2022ರಲ್ಲಿ ಪಂದ್ಯಕ್ಕೆ 27.6 ಅಂಕ ಬಿಡುತ್ತಿದ್ದ ತಂಡ 2023ರಲ್ಲಿ 18.3ಕ್ಕೆ ಇಳಿಸಿತು. ಹೊಡೆದದ್ದು ಮಾತ್ರ ಬರೀ 18. ಮಿನೆಸೋಟಾ, ಮೇರಿಲ್ಯಾಂಡ್, ಅಯೋವಾ ಮೂರಕ್ಕೂ 13-10ರಲ್ಲೇ ಸೋಲು. ಇದು ರಕ್ಷಣೆ ಸಿದ್ಧವಾಗಿದ್ದು ದಾಳಿ ಹಿಂದುಳಿದ ತಂಡ. 35-28, 32-29 ಎಂದು ಸೋಲುತ್ತಿದ್ದ ತಂಡಕ್ಕಿಂತ ಬೇರೆಯದೇ ಜಾತಿ. ಇದೇ ನಿಜವಾದ ಚಲನೆ. 2024ರ ನವೆಂಬರ್ 23ರಂದು ವಿಸ್ಕಾನ್ಸಿನ್ ಮೇಲೆ 44-25, ಆರನೇ ಗೆಲುವು, 2016ರ ನಂತರ ಮೊದಲ ಬೌಲ್ ಅರ್ಹತೆ. ಪಿನ್‌ಸ್ಟ್ರೈಪ್ ಬೌಲ್‌ನಲ್ಲಿ ಬಾಸ್ಟನ್ ಕಾಲೇಜ್ ಮೇಲೆ 20-15. ಒಟ್ಟು 7-6.

ಅಷ್ಟರಲ್ಲಿ ಅಭಿಮಾನಿಗಳು ಹೊಸ ಗಡಿಯಾರ ಕಟ್ಟಿಕೊಂಡಾಗಿತ್ತು. ಹಿಂದೆ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ರೂಲ್ ಅವರ ದಾಖಲೆ 2-10, 6-6, ಆಮೇಲೆ ಹತ್ತು ಗೆಲುವು. ಬೇಲರ್‌ನಲ್ಲಿ 1-11, 7-6, 11-3. ಮೂರನೇ ವರ್ಷ ಸಿಡಿಯುತ್ತಾರೆ ಎಂಬುದು ಆಗಿನ ನಂಬಿಕೆ, ಸೆಂಟ್ರಲ್ ಫ್ಲಾರಿಡಾದ ಎರಡು ವರ್ಷವಿದ್ದ ಹಾಗೆ. ಇನ್ನೊಂದು ಕಡೆ ಟ್ರಾನ್ಸ್‌ಫರ್ ಪೋರ್ಟಲ್, ಅಂದರೆ ಆಟಗಾರರು ಕಾಲೇಜು ಬದಲಿಸಲು ಹೆಸರು ಕೊಡುವ ವ್ಯವಸ್ಥೆ, ಇಡೀ ಗಡುವನ್ನೇ ಕುಗ್ಗಿಸಿತ್ತು: 2023ರಲ್ಲಿ 3-9 ಇದ್ದ ಇಂಡಿಯಾನಾಗೆ ಕರ್ಟ್ ಸಿಗ್ನೆಟಿ ಬಂದು, ಬೇರೆಡೆಯಿಂದ ಆಟಗಾರರನ್ನು ತುಂಬಿಕೊಂಡು, ಮೊದಲ ವರ್ಷವೇ 11-2. ಆ ಓಟದಲ್ಲಿ ನೆಬ್ರಾಸ್ಕಾಕ್ಕೆ ಬಿದ್ದದ್ದು 56-7. ನಾಲ್ಕು ವರ್ಷ ಬೇಕು ಎಂಬ 85-25ರ ಗಣಿತವನ್ನು ಇನ್ನು ಯಾವ ಕೋಚೂ ನೆಪವಾಗಿ ಬಳಸುವಂತಿಲ್ಲ.

2025, ರೂಲ್ ಅವರ ಮೂರನೇ ವರ್ಷ. ಎಂಟರೊಳಗಿನ ಪಂದ್ಯಗಳು ಕೊನೆಗೂ ತಿರುಗಿದವು: ಸಿನ್ಸಿನಾಟಿ 20-17, ಮೇರಿಲ್ಯಾಂಡ್ 34-31, ನಾರ್ತ್‌ವೆಸ್ಟರ್ನ್ 28-21, ಯುಸಿಎಲ್‌ಎ 28-21, ನಾಲ್ಕೂ ಗೆಲುವು. ಹತ್ತಿರದ ಸೋಲು ಎರಡೇ, ಮಿಷಿಗನ್ ಮತ್ತು ಯುಎಸ್‌ಸಿ ಎದುರು. ಮೆಟ್ಟಿಲಿನ ಮಾತು ನಂಬಿದರೆ ಇದು ಮೂರನೇ ಮೆಟ್ಟಿಲು. ಆದರೆ ಅದೇ ಸೀಸನ್‌ನಲ್ಲಿ ಮಿನೆಸೋಟಾಗೆ 18 ಅಂಕದಿಂದ, ಪೆನ್ ಸ್ಟೇಟ್‌ಗೆ 27ರಿಂದ, ಅಯೋವಾಗೆ 24ರಿಂದ, ಬೌಲ್‌ನಲ್ಲಿ ಯೂಟಾಗೆ 22ರಿಂದ ಸೋಲು. ಒಟ್ಟು ಮತ್ತೆ 7-6.